ಸತ್ತವಳ ಚಪ್ಪಲಿ

ಹೆಣ ತೊಳೆಯುವುದು ನನ್ನ ಕೆಲಸ. ಸರ್ಕಾರಿ ಕೆಲಸ, ಕಾಯಂ ಕೆಲಸ. ಇಷ್ಟು ಕೇಳಿದ ಕೂಡಲೇ ಮೂಗಿಗೆ ಬಟ್ಟೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ನಾನು ಕಾಯುತ್ತೇನೆ. ನನಗೆ ಕಾದು ರೂಢಿಯಾಗಿದೆ.

ಹೆಂಗಸರ ಹೆಣ ಮಾತ್ರ ನನ್ನ ಪಾಲಿಗೆ. ಗಂಡಸರ ಹೆಣಕ್ಕೆ ಪ್ರತಿ ಆಸ್ಪತ್ರೆಯಲ್ಲೂ ಒಬ್ಬೊಬ್ಬ ಗಂಡಸಿದ್ದಾನೆ. ಹೆಂಗಸರಿಗೆ ಇಡೀ ಜಿಲ್ಲೆಗೆ ನಾನೊಬ್ಬಳೇ. ಹಿಂದೊಮ್ಮೆ ಯಾವುದೋ ಆಸ್ಪತ್ರೆಯ ಹೆಣದ ಕೋಣೆಯಲ್ಲಿ ಕುಡಿದ ಗಂಡಸರು ಸತ್ತ ಹುಡುಗಿಯ ಬಟ್ಟೆ ಬಿಚ್ಚಿ ನಗಾಡುತ್ತಿದ್ದರು. ಅವಳ ಅಣ್ಣ ಕಿಟಕಿಯಿಂದ ನೋಡಿಬಿಟ್ಟ. ಕಲ್ಲು ಬಿದ್ದವು, ಗಾಜು ಒಡೆದವು, ಪೇಪರಿನಲ್ಲಿ ಬಂತು. ಆಗ ಸರ್ಕಾರಕ್ಕೆ ಮಾನ ಮರ್ಯಾದೆ ನೆನಪಾಯಿತು. ಹೆಂಗಸಿನ ಹೆಣವನ್ನು ಹೆಂಗಸೇ ಮುಟ್ಟಬೇಕು ಎಂದು ಆದೇಶವಾಯಿತು. ಆದೇಶ ಬರೆದವರ ಮನೆಯಿಂದ ಯಾವ ಹೆಂಗಸೂ ಬರಲಿಲ್ಲ. ನನ್ನ ಅತ್ತೆ ಬಂದಳು. ಅತ್ತೆಗೆ ಸೊಂಟ ಬಿದ್ದ ಮೇಲೆ ನಾನು ಬಂದೆ.

ನನ್ನ ಗಂಡ ಬಿಟ್ಟು ಹೋದ. ಹೆಣ ಮುಟ್ಟಿದ ಕೈಲಿ ಹೇಗೆ ಉಣ್ಣಲಿ ಅಂದ. ತಾಯಿಯ ಅಂಥದೇ ಕೈಯಿಂದ ಉಂಡು ಎಮ್ಮೆಕರುವಿನ ಹಾಗೆ ಬೆಳೆದವನು ಹೆಂಡತಿಯ ಕೈಗೆ ಹೇಸಿದ. ಹೋಗಲಿ, ಪೀಡೆ ತೊಲಗಿತು. ಅತ್ತೆ ಮಾತ್ರ ನನ್ನ ಜೊತೆಗೇ ಉಳಿದಳು. "ಅವನು ನನ್ನ ಹೊಟ್ಟೇಲಿ ಹುಟ್ಟಿದ್ದು ನನ್ನ ತಪ್ಪು, ನೀನು ಅವನನ್ನ ಕಟ್ಟಿಕೊಂಡಿದ್ದು ನಿನ್ನ ತಪ್ಪು. ಇಬ್ಬರೂ ಸೇರಿ ಅನುಭವಿಸೋಣ" ಅಂದಳು.

ಕೆಲಸ ಏನೆಂದು ಹೇಳುತ್ತೇನೆ. ಸತ್ತವರು ಭಾರ. ಬದುಕಿದ್ದಾಗ ಹೂವಿನ ಹಾಗಿದ್ದ ಹುಡುಗಿ ಸತ್ತ ಮೇಲೆ ಒದ್ದೆ ಮರಳಿನ ಮೂಟೆ. ಮಗ್ಗುಲಿಗೆ ತಿರುಗಿಸಬೇಕು. ಬಿಗಿದ ಮುಷ್ಟಿಯನ್ನು ಒಂದೊಂದೇ ಬೆರಳು ಹಿಡಿದು ಬಿಡಿಸಬೇಕು. ಬಟ್ಟೆ ಮೈಗೆ ಅಂಟಿದ್ದರೆ ನೀರು ಹಾಕಿ ನೆನೆಸಿ ಬಿಡಿಸಬೇಕು, ಎಳೆದರೆ ಚರ್ಮವೂ ಬರುತ್ತದೆ. ಡಾಕ್ಟರು ಬಂದು ಕೊಯ್ಯುತ್ತಾರೆ, ಬರೆದುಕೊಳ್ಳುತ್ತಾರೆ, ಕೈ ತೊಳೆದು ಹೋಗುತ್ತಾರೆ. ಹೊಲಿಯುವವಳು ನಾನು. ರಕ್ತ ಒರೆಸುವವಳು ನಾನು. ತಲೆ ಬಾಚಿ, ಬಾಯಿ ಮುಚ್ಚಿ ಕಟ್ಟಿ, ಬಟ್ಟೆ ಹೊದಿಸಿ, ತಾಯಿ ನೋಡಿದರೆ ಮಗಳೆಂದು ಗುರುತು ಸಿಗುವ ಹಾಗೆ ಮಾಡಿ ಹೊರಗೆ ಕಳಿಸುವವಳು ನಾನು. ಆ ವಾಸನೆ ಮೈಯಿಂದ ಹೋದರೂ ಕೂದಲಿನಿಂದ ಹೋಗುವುದಿಲ್ಲ.

ಹೊತ್ತು ಗೊತ್ತು ಇಲ್ಲದ ಕೆಲಸ. ತುತ್ತು ಬಾಯಿಗೆ ಹೋಗುವಾಗ ಫೋನು ಬರುತ್ತದೆ. ತಲೆಗೆ ನೀರು ಹಾಕಿಕೊಳ್ಳುವಾಗ ಬರುತ್ತದೆ. ಒಂದು ವಾರ ಏನೂ ಇರುವುದಿಲ್ಲ, ಒಂದು ದಿನ ಮೂರು ದಿಕ್ಕಿನಿಂದ ಕರೆಯುತ್ತಾರೆ. ಎಲ್ಲಿಗಾದರೂ ಹೋಗಬೇಕು. ಗುಡ್ಡದಾಚೆಯ ಆಸ್ಪತ್ರೆಗೂ ಹೋಗಬೇಕು, ಹೊಳೆಯಾಚೆಯ ಆಸ್ಪತ್ರೆಗೂ ಹೋಗಬೇಕು. ಹೋಗುವಾಗ ಬಸ್ಸು ಹತ್ತಿಸಿಕೊಳ್ಳುತ್ತದೆ, ಆಗ ನಾನೂ ಎಲ್ಲರ ಹಾಗೆ ಒಬ್ಬ ಹೆಂಗಸು. ಬರುವಾಗ ಹತ್ತಿಸಿಕೊಳ್ಳುವುದಿಲ್ಲ. ಆ ದಾರಿಯ ಕಂಡಕ್ಟರುಗಳಿಗೆಲ್ಲ ನನ್ನ ಗುರುತಿದೆ. "ಹೆಣದಕ್ಕ ನಿಂತವಳೆ, ಬಿಡು ಬಿಡು, ರೈಟ್" ಎಂದು ಸೀಟಿ ಊದುತ್ತಾರೆ. ಧೂಳು ನನ್ನ ಬಾಯಿಗೆ. ನಡೆಯುತ್ತೇನೆ. ಸೊಂಟ ಹಿಡಿದು ನಡೆಯುತ್ತೇನೆ. ಸಿಮೆಂಟು ಲಾರಿಯವನೊಬ್ಬ ಒಮ್ಮೆ ಹಿಂದೆ ಮೂಟೆಗಳ ಮೇಲೆ ಕೂರಿಸಿಕೊಂಡು ಬಂದ. ಅವನ ಹೊಟ್ಟೆ ತಣ್ಣಗಿರಲಿ.

ಹೋಗುವ ಬಸ್ಸಿನ ದುಡ್ಡು ನನ್ನದು. ಬರುವ ಕಾಲು ನನ್ನದು. ಊರಿಗೆಲ್ಲ ಟಿ.ಎ. ಅಂತ ಪ್ರಯಾಣದ ದುಡ್ಡು ಕೊಡುವ ಸರ್ಕಾರ ನನಗೆ ಯಾಕೆ ಕೊಡುವುದಿಲ್ಲ ಎಂದು ಒಂದು ದಿನ ತಲೆ ಕೆಟ್ಟು ಕಚೇರಿಗೆ ಹೋದೆ.

ಲೆಕ್ಕದ ಸಾಹೇಬನ ಕೋಣೆ. ಸಾಹೇಬ ಸಣ್ಣವನೇ, ಆದರೆ ಎಲ್ಲ ಬಿಲ್ಲುಗಳೂ ಅವನ ಕೈ ಕೆಳಗಿನಿಂದಲೇ ಹೋಗಬೇಕು. ನಾನು ಹೊಸ್ತಿಲ ಹೊರಗೆ ನಿಲ್ಲಬೇಕು. ಹಾಗಂತ ಎಲ್ಲಿಯೂ ಬರೆದಿಲ್ಲ, ಆದರೆ ಒಳಗೆ ಒಂದು ಕಾಲಿಟ್ಟರೂ ಗುಮಾಸ್ತೆ ಹೆಂಗಸು ಫ್ಯಾನಿನ ಗುಂಡಿ ಜೋರು ಮಾಡುತ್ತಾಳೆ.

"ಏನು?" ಅಂದ ಸಾಹೇಬ.

"ಟಿ.ಎ. ಬಿಲ್ಲು ಸಾರ್."

"ಮುಂಗಡ ಪ್ರವಾಸ ಪಟ್ಟಿ ಕೊಟ್ಟಿದೀಯಾ?"

"ಅದೇನು ಸಾರ್?"

"ಬರೋ ತಿಂಗಳು ಯಾವ ದಿನ, ಎಲ್ಲಿಗೆ, ಯಾವ ಕೆಲಸಕ್ಕೆ ಹೋಗ್ತೀನಿ ಅಂತ ಈ ತಿಂಗಳೇ ಬರೆದುಕೊಟ್ಟು ಮಂಜೂರು ಮಾಡಿಸಿಕೋಬೇಕು. ಮಂಜೂರಾದ ಪ್ರಯಾಣಕ್ಕೆ ಮಾತ್ರ ಭತ್ಯೆ. ನಿಯಮ."

"ಬರೋ ತಿಂಗಳು ಯಾರು ಸಾಯ್ತಾರೆ ಅಂತ ನನಗೆ ಹೆಂಗೆ ಗೊತ್ತಾಗುತ್ತೆ ಸಾರ್? ಹೆಣ ಅರ್ಜಿ ಹಾಕಿ ಸಾಯುತ್ತಾ?"

ಕೋಣೆಯೆಲ್ಲ ನಕ್ಕಿತು. ಮೂಲೆಯ ಗುಮಾಸ್ತ, "ಮೊದಲು ನಿನ್ನ ಹೆಸರೇ ಬರೆದುಬಿಡು, ಒಂದಾದ್ರೂ ಮಂಜೂರಾಗಲಿ" ಅಂದ. ಮತ್ತೆ ನಗು.

"ಬರೀತೀನಿ. ತೊಳೆಯೋಕೆ ನಿಮ್ಮ ಮನೆಯಿಂದ ಯಾರನ್ನ ಕಳಿಸ್ತೀರಿ?" ಅಂದೆ. ನಗು ನಿಂತಿತು.

ಸಾಹೇಬನಿಗೆ ಅದು ಹಿಡಿಸಲಿಲ್ಲ. "ನಾಲಿಗೆ ಉದ್ದ ಆಯ್ತು ನಿಂದು. ಸರಿ, ಟಿಕೆಟ್ ಎಲ್ಲಿ?"

"ಹೋಗೋ ಟಿಕೆಟ್ ಇದೆ ಸಾರ್. ಬರುವಾಗ ಬಸ್ಸಿನೋರು ಹತ್ತಿಸಿಕೊಳ್ಳಲ್ಲ. ನಡೆದು ಬರ್ತೀನಿ."

"ಹೋಗಿದ್ದು ಪಟ್ಟೀಲಿಲ್ಲ. ನಡೆದು ಬಂದ್ರೆ ಖರ್ಚಿಲ್ಲ. ಖರ್ಚಿಲ್ಲ ಅಂದ್ರೆ ಭತ್ಯೆ ಯಾತಕ್ಕೆ? ಕಾಲು ನಿಂದೇ ತಾನೇ, ಬಾಡಿಗೆಗೆ ತಂದಿದ್ದಲ್ಲವಲ್ಲ?" ಅಂದ. ಆಮೇಲೆ ಬಾಗಿಲ ತನಕ ಎದ್ದು ಬಂದು, ಕರವಸ್ತ್ರ ಮೂಗಿಗೆ ಹಿಡಿದು, ಉಪಕಾರ ಮಾಡುವವನ ಹಾಗೆ ದನಿ ತಗ್ಗಿಸಿದ. "ಸತ್ತೋರ ಮನೆಯವರ ಹತ್ರ ತಗೋ. ಎಲ್ಲರೂ ತಗೋತಾರೆ. ನಿಮ್ಮತ್ತೆ ತಗೋತಿರಲಿಲ್ವಾ? ಆಗ ಯಾರೂ ಟಿ.ಎ. ಕೇಳಿಕೊಂಡು ಬರ್ತಿರಲಿಲ್ಲ. ಇಲಾಖೆಗೂ ನೆಮ್ಮದಿ, ನಿಮಗೂ ನೆಮ್ಮದಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ನಕ್ಕಳು. ಅವಳಿಗೆ ಹಲ್ಲಿಲ್ಲ, ನಗುವಿಗೇನೂ ಕಡಿಮೆಯಿಲ್ಲ.

"ತಗೊಂಡೆ ಕಣೇ. ಬಾಗಿಲಿಗೆ ಅಡ್ಡ ನಿಂತು ತಗೊಂಡೆ. ಸತ್ತ ಮನೆ ದುಡ್ಡು ನಿಲ್ಲಲ್ಲ ಅಂತಾರೆ, ನನ್ನ ಹೊಟ್ಟೇಲಿ ಚೆನ್ನಾಗೇ ನಿಂತಿತ್ತು. ನಿನ್ನ ಗಂಡನಿಗೆ ಮೀಸೆ ಬಂದಿದ್ದು ಅದೇ ದುಡ್ಡಲ್ಲಿ. ನೀನೊಬ್ಬಳು ಬಂದೆ ಸತ್ಯವಂತೆ. ಮಡಿಲಲ್ಲಿ ಮರ್ಯಾದೆ ಕಟ್ಟಿಕೊಂಡು ಕಾಲಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬರ್ತೀಯ."

ನಾನು ಸತ್ಯವಂತೆಯಲ್ಲ. ನನ್ನ ಅಕ್ಕ ಬೆಂಕಿಯಲ್ಲಿ ಸತ್ತಾಗ ಹೆಣದ ಕೋಣೆಯವನು ದುಡ್ಡು ಬೀಳುವ ತನಕ ಬಾಗಿಲು ತೆಗೆಯಲಿಲ್ಲ. ಅಪ್ಪ ಅವನ ಕಾಲು ಹಿಡಿದ. ಅವನು ಬೀಡಿ ಸೇದುತ್ತಾ ಕಾಲು ಜಾಡಿಸಿದ. ಸಾಲ ತಂದು ಕೈಗೆ ಹಾಕಿದ ಮೇಲೆ ಎಣಿಸಿ ನೋಡಿ ಬೀಗ ತೆಗೆದ. ಆ ಕೈ ನನ್ನ ಕೈ ಆಗಬಾರದು. ಇಷ್ಟೇ ನನ್ನ ಹಟ. ಅದಕ್ಕೇ ಟಿ.ಎ. ಕೇಳಿದ್ದು. ಸರ್ಕಾರ ಕೊಟ್ಟರೆ ನಾನು ಅಳುವವರ ಮುಂದೆ ಕೈ ಚಾಚಬೇಕಾಗಿಲ್ಲ. ತಿಂಗಳು ತಿಂಗಳೂ ಹೋಗಿ ಹೊಸ್ತಿಲಾಚೆ ನಿಂತೆ. ತಿಂಗಳು ತಿಂಗಳೂ ಓಡಿಸಿದರು.

ಹೀಗಿರುವಾಗ ಹೊಳೆಯಾಚೆಯ ಆಸ್ಪತ್ರೆಯಿಂದ ಕರೆ ಬಂತು. ಎಳೆ ಹುಡುಗಿ. ಗಂಡನ ಮನೆಯ ತೊಲೆಗೆ ನೇತಾಡುತ್ತಿದ್ದಳಂತೆ. ಬೆನ್ನ ಮೇಲೆ ಬಾರಿನ ಬಾಸುಂಡೆ ಇದ್ದವು, ಹಳೆಯವು, ಹೊಸವು. ಡಾಕ್ಟರು ಬರೆದುಕೊಳ್ಳಲಿಲ್ಲ. ನಾನು "ಸಾರ್, ಇಲ್ಲಿ ನೋಡಿ" ಅಂದೆ. "ನಿನ್ನ ಕೆಲಸ ನೀನು ನೋಡಿಕೋ" ಅಂದರು. ನನ್ನ ಕೆಲಸ ನಾನು ನೋಡಿದೆ. ಆ ಬಾಸುಂಡೆಗಳ ಮೇಲೆ ಕೈ ಒತ್ತದೆ ತೊಳೆದೆ. ಸತ್ತವಳಿಗೆ ನೋಯುವುದಿಲ್ಲ, ಗೊತ್ತು. ಆದರೂ ಒತ್ತಲು ಕೈ ಬರಲಿಲ್ಲ.

ಹೊರಗೆ ಬಂದಾಗ ಅವಳ ತಾಯಿ ಗೋಡೆಗೆ ಆನಿಕೊಂಡು ಕೂತಿದ್ದಳು. ಮಡಿಲಲ್ಲಿ ಒಂದು ಜೊತೆ ಹೊಸ ಚಪ್ಪಲಿ. ನೀಲಿ ಬಾರಿನವು.

"ಅವಳದ್ದು" ಅಂದಳು. "ನನ್ನ ಮನೆಗೆ ಬಂದಿದ್ದಾಗ ಗಂಡ ಬಂದು ದರದರ ಎಳಕೊಂಡು ಹೋದ. ಚಪ್ಪಲಿ ನನ್ನ ಬಾಗಿಲಲ್ಲೇ ಉಳೀತು. ಇವತ್ತು ಬೆಳಗ್ಗೆ ಆಸ್ಪತ್ರೇಲಿದಾಳೆ ಬಾ ಅಂದ್ರು. ಹುಷಾರಾಗ್ತಾಳೆ, ಮನೆಗೆ ಕರಕೊಂಡು ಹೋಗೋಣ, ಬರಿಗಾಲಲ್ಲಿ ಹೆಂಗೆ ನಡೀತಾಳೆ ಅಂತ ತಂದೆ."

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಅವಳು ನನ್ನ ಕಾಲು ನೋಡಿದಳು. ನನ್ನ ಚಪ್ಪಲಿಯ ಬಾರು ಎಂದೋ ಕಿತ್ತು ಹೋಗಿತ್ತು, ಹೆಣ ಹೊಲಿಯುವ ದಾರದಲ್ಲೇ ಹೊಲಿದುಕೊಂಡಿದ್ದೆ. ಅದೂ ಅಂದು ನೀರಲ್ಲಿ ನೆನೆದು ಬಿಟ್ಟುಕೊಂಡಿತ್ತು. ಹಿಮ್ಮಡಿ ಸೀಳಿತ್ತು.

"ಎಷ್ಟು ದೂರ ಹೋಗಬೇಕಕ್ಕ ನೀನು?"

"ದೂರ."

"ಬಸ್ಸು?"

"ಹತ್ತಿಸಿಕೊಳ್ಳಲ್ಲ."

ಅವಳು ಬಗ್ಗಿ ಚಪ್ಪಲಿಗಳನ್ನು ನನ್ನ ಕಾಲ ಮುಂದೆ ಇಟ್ಟಳು. "ಹಾಕ್ಕೋ. ನನ್ನ ಮಗಳನ್ನ ತೊಳೆದವಳು ಬರಿಗಾಲಲ್ಲಿ ಹೋಗಬಾರದು."

ಬೇಡ ಅಂದೆ. ಅವಳು ನನ್ನ ಕಾಲನ್ನೇ ಹಿಡಿದು ತೊಡಿಸಿದಳು. ನನ್ನನ್ನು ಯಾರಾದರೂ ಮುಟ್ಟಿ ವರ್ಷಗಳಾಗಿದ್ದವು. ಅಳು ಬಂತು. ಅವಳು ಅಳಲಿಲ್ಲ, ಅತ್ತವಳು ನಾನು. ನಡೆದು ಬಂದೆ. ಅಷ್ಟು ದಾರಿಯಲ್ಲಿ ಒಂದು ಕಲ್ಲೂ ಚುಚ್ಚಲಿಲ್ಲ.

ಮುಂದಿನ ತಿಂಗಳು ಮತ್ತೆ ಲೆಕ್ಕದ ಸಾಹೇಬನ ಹೊಸ್ತಿಲಿಗೆ ಹೋದೆ. ಅವನ ಕಣ್ಣು ನೇರ ಕಾಲಿಗೇ ಬಿತ್ತು.

"ಓಹೋ, ಚಪ್ಪಲಿ ಜೋರಾಗಿದೆ! ಯಾರು ಕೊಡಿಸಿದ್ರು?"

ಸುಮ್ಮನಿರಬಹುದಿತ್ತು. ಸಂತೆಯಲ್ಲಿ ಕೊಂಡೆ ಅಂದರೆ ಮುಗಿಯುತ್ತಿತ್ತು. ನನಗೆ ಸುಳ್ಳು ತೋಚಲಿಲ್ಲ. ನಿಜ ಹೇಳಿದರೆ ಇವನಿಗೂ ಎಲ್ಲೋ ಒಂದು ಕಡೆ ಚುರುಕ್ ಅನ್ನಬಹುದು ಅಂದುಕೊಂಡೆ. ನನ್ನಂಥ ಪೆದ್ದಿ ಯಾರಿದ್ದಾರೆ?

"ಸತ್ತ ಹುಡುಗಿಯ ತಾಯಿ ಕೊಟ್ಟಳು ಸಾರ್. ನಾನು ನಡೆದು ಹೋಗೋದು ನೋಡಿ ಕೊಟ್ಟಳು. ನೀವು ಕೊಟ್ಟಿದ್ರೆ ಅವಳು ಯಾಕೆ ಕೊಡ್ತಿದ್ಲು?"

ಸಾಹೇಬ ಪೆನ್ನು ಕೆಳಗಿಟ್ಟ. ಗುಮಾಸ್ತರ ಕಡೆ ನೋಡಿದ. "ಕೇಳಿಸಿಕೊಂಡ್ರಾ ಎಲ್ಲರೂ? ಅವಳ ಬಾಯಿಂದಲೇ ಬಂತು. ಮೃತರ ಕಡೆಯವರಿಂದ ವಸ್ತು ತಗೊಂಡಿದಾಳೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂಗಳ ದಾಟುವಷ್ಟರಲ್ಲಿ ದೂರು ತಯಾರಾಗಿತ್ತು. ಸತ್ತೋರ ಮನೆಯವರ ಹತ್ತಿರ ತಗೋ ಎಂದು ಕಿವಿಯಲ್ಲಿ ಊದಿದ್ದ ಅದೇ ಬಾಯಿ ಅದನ್ನು ಹೇಳಿ ಬರೆಸಿತು.

ವಿಚಾರಣೆಗೆ ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ಹುಡುಗಿಯ ತಾಯಿಯನ್ನು ಸಾಕ್ಷಿಗೆ ಕರೆಸಿದ್ದರು. ಅವಳು ಬೆಳಗಿನ ಬಸ್ಸಿಗೆ ಬಂದು ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. "ಅಕ್ಕಾ, ನನ್ನಿಂದ ನಿನಗೆ ಹಿಂಗಾಯ್ತಾ?" ಅಂದಳು. "ನಿನ್ನಿಂದ ಅಲ್ಲ ತಾಯಿ" ಅಂದೆ.

ಅಂದು ಮಾತ್ರ ನನ್ನನ್ನು ಕೋಣೆಯ ಒಳಗೆ ಕರೆದರು. ಆರೋಪಿ ಹೊಸ್ತಿಲ ಹೊರಗೆ ನಿಂತರೆ ವಿಚಾರಣೆ ಆಗುವುದಿಲ್ಲವಂತೆ. ಕಿಟಕಿ ಎಲ್ಲ ತೆಗೆದಿದ್ದರು.

"ಚಪ್ಪಲಿ ಬಿಚ್ಚು" ಅಂದ ದೊಡ್ಡ ಸಾಹೇಬ.

ಬಿಚ್ಚಿದೆ. ಜವಾನ ಒಂದು ಕೋಲು ತಂದ. ಕೋಲಿನ ತುದಿಗೆ ಬಾರು ಸಿಕ್ಕಿಸಿ ಒಂದೊಂದನ್ನೇ ಎತ್ತಿ, ಮೇಜಿನ ಮೇಲೆ ಹಾಸಿದ್ದ ಪೇಪರಿನ ಮೇಲಿಟ್ಟ. ಸತ್ತ ಹಾವನ್ನು ಎತ್ತಿದ ಹಾಗೆ. ಅವಳ ತಾಯಿಯ ಕಣ್ಣೆದುರಿಗೇ ಎತ್ತಿದ. ಆ ಹೆಂಗಸು ಕೈಯನ್ನು ಬಾಯಿಗೆ ಒತ್ತಿ ಹಿಡಿದಳು.

"ಇದನ್ನ ನೀನೇ ಕೊಟ್ಟಿದ್ದಾ?" ಅವಳನ್ನು ಕೇಳಿದರು.

"ಹೂಂ, ನಾನೇ."

"ಹೆಣ ಬೇಗ ಕೊಡಲಿ ಅಂತ ಕೊಟ್ಟೆ, ಅಲ್ವಾ?"

"ಹೆಣ ಕೊಟ್ಟ ಮೇಲೆ ಕೊಟ್ಟೆ ಸಾಮಿ. ಅವಳ ಕಾಲು ನೋಡಲಾರದೆ ಕೊಟ್ಟೆ."

"ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಕೊಟ್ಟಿದ್ದು ಅಂತ ಬರಕೊಳ್ಳಿ" ಅಂದ ದೊಡ್ಡ ಸಾಹೇಬ. ಗುಮಾಸ್ತ ಬರೆದುಕೊಂಡ.

"ಪ್ರತಿಫಲ ಅಂದ್ರೇನು ಸಾಮಿ?" ಅಂದಳು ಅವಳು. ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಲೆಕ್ಕದ ಸಾಹೇಬ ಡ್ರಾಯರ್ ಎಳೆದು ಅವಳ ಕೈಗೆ ದುಡ್ಡು ಹಾಕಿದ. ಅವಳು ಬೆಪ್ಪಾಗಿ ನೋಡಿದಳು.

"ಇದೇನು?"

"ಸಾಕ್ಷಿಗೆ ಬಂದಿದ್ದಕ್ಕೆ ಪ್ರಯಾಣ ಭತ್ಯೆ. ಹೋಗಿ ಬರೋ ಬಸ್ ಚಾರ್ಜು. ಕಾನೂನು ಇದೆ, ತಗೋ."

ಅವಳು ಆ ದುಡ್ಡನ್ನೂ ಮೇಜಿನ ಮೇಲಿನ ಚಪ್ಪಲಿಯನ್ನೂ ನೋಡಿದಳು. "ನನ್ನ ಮಗಳು ಸತ್ತಾಗ ಬಂದೆನಲ್ಲ, ಆವತ್ತು ಯಾರೂ ಬಸ್ ಚಾರ್ಜು ಕೊಡಲಿಲ್ಲ. ಅವಳ ಬೆನ್ನು ನೋಡಿ ಅಂತ ಠಾಣೆಗೆ ಹೋದೆನಲ್ಲ, ಆವತ್ತೂ ಕೊಡಲಿಲ್ಲ. ಚಪ್ಪಲಿಗೆ ಕೊಡ್ತೀರಾ?" ಅಂದಳು.

"ಆಯ್ತಮ್ಮ, ಹೊರಗೆ ಹೋಗು" ಅಂದರು.

ಅವಳು ಹೋಗಲಿಲ್ಲ. ಬಾಗಿಲಲ್ಲೇ ನಿಂತಳು.

ದೊಡ್ಡ ಸಾಹೇಬ ಗಡಿಯಾರ ನೋಡಿಕೊಂಡ. "ನನ್ನ ಟಿ.ಎ. ಬಿಲ್ಲು ಇವತ್ತೇ ಮಾಡಿ ಮುಗಿಸಿಬಿಡಿ, ಆಮೇಲೆ ನೆನಪಿರಲ್ಲ" ಎಂದು ಲೆಕ್ಕದ ಸಾಹೇಬನಿಗೆ ಹೇಳಿದ. "ಆಗಲೇ ರೆಡಿ ಸಾರ್, ದಿನಭತ್ಯೆನೂ ಸೇರಿಸಿದೀನಿ" ಅಂದ ಇವನು. ಇಬ್ಬರೂ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿಕೊಂಡರು. ನಾನು ಬರಿಗಾಲಲ್ಲಿ ತಣ್ಣನೆ ನೆಲದ ಮೇಲೆ ನಿಂತಿದ್ದೆ.

ಲೆಕ್ಕದ ಸಾಹೇಬ ಒಂದು ಕಾಗದ ಮುಂದೆ ತಳ್ಳಿದ. ದನಿ ಬೆಣ್ಣೆಯ ಹಾಗಿತ್ತು. "ನೋಡು, ನಿನ್ನ ಹೊಟ್ಟೆ ಮೇಲೆ ಹೊಡೆಯೋ ಆಸೆ ನಮಗಿಲ್ಲ. ಇನ್ನು ಮುಂದೆ ಯಾವತ್ತೂ ಪ್ರಯಾಣ ಭತ್ಯೆ ಕೇಳಲ್ಲ, ಇದುವರೆಗೆ ಕೇಳಿದ್ದು ನನ್ನ ತಪ್ಪು ಅಂತ ಬರೆದಿದೆ. ಸಹಿ ಹಾಕು. ಚಪ್ಪಲಿ ವಿಷಯ ಇಲ್ಲಿಗೇ ಮುಚ್ಚಿಹಾಕ್ತೀವಿ. ಹಾಕಲ್ಲ ಅಂದ್ರೆ ಅಮಾನತು."

ಅಮಾನತು ಅಂದರೆ ಅರ್ಧ ಹೊಟ್ಟೆ. ಆಮೇಲೆ ವಜಾ ಅಂದರೆ ಪೂರ್ತಿ ಉಪವಾಸ. ಮನೆಯಲ್ಲಿ ಸೊಂಟ ಬಿದ್ದ ಮುದುಕಿ. ಅವಳ ಔಷಧಿ. ಬೇರೆ ಕೆಲಸ ಯಾರು ಕೊಡುತ್ತಾರೆ ನನಗೆ? ಹೆಣದಕ್ಕ ತೊಳೆದ ಪಾತ್ರೆಯಲ್ಲಿ ಯಾರು ಉಣ್ಣುತ್ತಾರೆ? ಪೆನ್ನು ತೆಗೆದುಕೊಳ್ಳಲು ಕೈ ಮುಂದೆ ಹೋಯಿತು. ಸುಳ್ಳು ಹೇಳುವುದಿಲ್ಲ, ಹೋಯಿತು.

ಪೆನ್ನು ಕೊಡುವಾಗ ಅವನು ನನ್ನ ಬೆರಳು ತಾಗಬಾರದೆಂದು ಮೇಜಿನ ಮೇಲೆ ಎಸೆದ. ಅದು ಉರುಳಿ ನೆಲಕ್ಕೆ ಬಿತ್ತು.

"ಎತ್ಕೋ" ಅಂದ.

"ಎತ್ತಲ್ಲ" ಅಂದೆ.

"ಏನಂದೆ?"

"ಎತ್ತಲ್ಲ. ಸಹಿ ಹಾಕಲ್ಲ. ಕೇಳೇ ಕೇಳ್ತೀನಿ. ಸಾಯೋ ತನಕ ಕೇಳ್ತೀನಿ. ಸತ್ತ ಮೇಲೆ ನನ್ನ ಹೆಣ ತೊಳೆಯೋಕೆ ಯಾರನ್ನ ಕಳಿಸ್ತೀರೋ ಅವಳಿಗೂ ಬಸ್ ಚಾರ್ಜು ಕೊಡಬೇಕು, ಅದನ್ನೂ ಕೇಳ್ತೀನಿ."

ದೊಡ್ಡ ಸಾಹೇಬ ಅಮಾನತಿನ ಆದೇಶಕ್ಕೆ ಸಹಿ ಹಾಕಿದ. ಚಪ್ಪಲಿಗಳನ್ನು ದಾರದಲ್ಲಿ ಕಟ್ಟಿ, ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಹಾಗಾದ್ರೆ ನನಗಾದ್ರೂ ವಾಪಸ್ ಕೊಡಿ ಸಾಮಿ, ಮಗಳದ್ದು ಅಂತ ಇಟ್ಕೋತೀನಿ" ಎಂದು ಬಾಗಿಲಿಂದ ಆ ತಾಯಿ ಕೇಳಿದಳು. ಸಾಕ್ಷ್ಯ, ಕೊಡುವ ಹಾಗಿಲ್ಲ ಅಂದರು.

ಆಗಲೇ ಫೋನು ಬಂತು. ಗುಡ್ಡದಾಚೆಯ ಆಸ್ಪತ್ರೆ. ಬಾವಿಗೆ ಬಿದ್ದ ಹೆಂಗಸು, ನೀರಲ್ಲಿ ಎರಡು ದಿನ ಇದ್ದ ಹೆಣ. ಇಡುವ ಹಾಗಿಲ್ಲ. ಅವಳ ಕಡೆಯವರು ಗಲಾಟೆಗೆ ನಿಂತಿದ್ದಾರೆ. ಲೆಕ್ಕದ ಸಾಹೇಬ ಫೋನು ಇಟ್ಟು ನನ್ನ ಕಡೆ ತಿರುಗಿದ. "ಹೊರಡು."

"ನನ್ನನ್ನ ಈಗ ತಾನೇ ಅಮಾನತು ಮಾಡಿದ್ರಲ್ಲ?"

ಅವನು ಆದೇಶ ನೋಡಿದ. "ನಾಳೆಯಿಂದ ಅಂತ ಇದೆ. ಇವತ್ತು ಡ್ಯೂಟಿ ಇದೆ. ಹೋಗು."

ನಗು ಬಂತು ನನಗೆ. ಹುಚ್ಚಿಯ ಹಾಗೆ ನಕ್ಕೆ.

"ಹೆಂಗೆ ಹೋಗಲಿ?"

"ದಿನಾ ಹೆಂಗೆ ಹೋಗ್ತೀಯೋ ಹಂಗೆ."

"ಆಯ್ತು" ಅಂದೆ. ಅಂಗಳಕ್ಕೆ ಇಳಿದೆ. ದೊಡ್ಡ ಸಾಹೇಬನ ಜೀಪು ಬೇವಿನ ಮರದ ನೆರಳಲ್ಲಿ ನಿಂತಿತ್ತು. ಮುಂದಿನ ಸೀಟಿನ ಮೇಲೆ ಬಿಳಿ ಟವೆಲ್ಲು ಹಾಸಿತ್ತು. ಬಾಗಿಲು ತೆಗೆದು ಹತ್ತಿ ಕೂತೆ. ಧೂಳು ಕಾಲನ್ನು ಮುಂದೆ ಚಾಚಿದೆ. ಮೆತ್ತಗಿತ್ತು ಸೀಟು. ಅಷ್ಟು ಮೆತ್ತಗಿರುವುದರ ಮೇಲೆ ನಾನು ಎಂದೂ ಕೂತಿರಲಿಲ್ಲ.

ಡ್ರೈವರ್ ಬೀಡಿ ಎಸೆದು ಓಡಿ ಬಂದ. "ಏಯ್! ಏನಿದು? ಇಳಿ, ಇಳಿ!" ಬಾಗಿಲ ತನಕ ಬಂದವನು ಅಲ್ಲೇ ನಿಂತುಬಿಟ್ಟ. ಕೈ ಚಾಚಿದ, ಹಿಂದಕ್ಕೆ ತೆಗೆದುಕೊಂಡ.

ಕಚೇರಿಯೆಲ್ಲ ಹೊರಗೆ ಬಂತು. ದೊಡ್ಡ ಸಾಹೇಬ ಕೂಗಿದ, "ಎಳೆದು ಹಾಕ್ರೋ ಅವಳನ್ನ!"

"ಎಳೀರಿ" ಅಂದೆ. "ಕೈ ಹಿಡಿದು ಎಳೀರಿ. ಕೂದಲು ಹಿಡಿದು ಎಳೀರಿ. ಬನ್ನಿ, ಯಾರು ಬರ್ತೀರಿ?"

ದೊಡ್ಡ ಸಾಹೇಬ ಲೆಕ್ಕದ ಸಾಹೇಬನನ್ನು ನೋಡಿದ. ಲೆಕ್ಕದ ಸಾಹೇಬ ಜವಾನನನ್ನು ನೋಡಿದ. ಜವಾನ ಕೋಲು ಹುಡುಕಿದ. ಕೋಲಿನಿಂದ ಚಪ್ಪಲಿ ಎತ್ತಬಹುದು, ಹೆಂಗಸನ್ನು ಎತ್ತಲಾಗುವುದಿಲ್ಲ. ಒಬ್ಬರೂ ಮುಟ್ಟಲಿಲ್ಲ. ಇಷ್ಟು ವರ್ಷ ನನ್ನನ್ನು ಯಾರೂ ಮುಟ್ಟುವುದಿಲ್ಲ ಎಂದು ಒಳಗೊಳಗೇ ಸತ್ತಿದ್ದೆ. ಅಂದು ಅದೇ ನನ್ನನ್ನು ಕಾಯಿತು.

"ಪೊಲೀಸ್‌ನೋರನ್ನ ಕರೆಸ್ತೀನಿ" ಅಂದ ಲೆಕ್ಕದ ಸಾಹೇಬ.

"ಕರೆಸಿ. ಅವರೂ ಮುಟ್ಟಲ್ಲ. ಹೆಣ ಇಳಿಸೋಕೂ ಅವರು ಕರೆಯೋದು ನನ್ನನ್ನೇ."

ಆಗ ಹುಡುಗಿಯ ತಾಯಿ ಗುಂಪನ್ನು ಸರಿಸಿಕೊಂಡು ಬಂದಳು. ನನ್ನ ತೋಳಿನ ಮೇಲೆ ಕೈಯಿಟ್ಟಳು. ದೊಡ್ಡ ಸಾಹೇಬನಿಗೆ ಜೀವ ಬಂತು. "ಹಾಂ, ನೀನು ಇಳಿಸಮ್ಮ ಅವಳನ್ನ, ನೀನು ಇಳಿಸು."

ಅವಳು ನನ್ನ ತೋಳು ಹಿಡಿದು ಆಸರೆ ತೆಗೆದುಕೊಂಡು ಜೀಪಿನ ಹಿಂದಿನ ಸೀಟಿಗೆ ಹತ್ತಿದಳು. "ನನ್ನೂರೂ ಆ ದಾರೀಲೇ ಬರುತ್ತೆ" ಅಂದಳು.

ಒಳಗೆ ಫೋನು ಮತ್ತೆ ಬಡಿದುಕೊಂಡಿತು. ಆಸ್ಪತ್ರೆಯ ಗಾಜು ಒಡೆಯಲು ಶುರುವಾಗಿತ್ತಂತೆ. ದೊಡ್ಡ ಸಾಹೇಬ ಹಲ್ಲು ಕಡಿದು ಡ್ರೈವರಿಗೆ ಹೇಳಿದ. "ಬಿಟ್ಟು ಬಾ ಹೋಗೋ. ಜೀಪಿನ ಗಾಜೆಲ್ಲ ಇಳಿಸಿಕೊಂಡು ಹೋಗು."

ಜೀಪು ಹೊರಟಿತು. ಅವಳ ಊರಿನ ಕೈಮರದ ಹತ್ತಿರ ಇಳಿಯುವಾಗ ಆ ತಾಯಿ ಸಾಕ್ಷಿಯ ದುಡ್ಡನ್ನು ನನ್ನ ಕೈಗೆ ತುರುಕಲು ಬಂದಳು. "ಬೇಡ ಕಣವ್ವ, ಇನ್ನೊಂದು ವಿಚಾರಣೆ ಆಗುತ್ತೆ" ಅಂದೆ. ಇಬ್ಬರೂ ನಕ್ಕೆವು. ಅವಳು ನಕ್ಕಿದ್ದನ್ನು ಕಂಡದ್ದು ಅದೊಂದೇ ಸಲ.

ಬಾವಿಯ ಹೆಂಗಸನ್ನು ತೊಳೆದೆ. ಊದಿ ಹೋಗಿದ್ದಳು. ಆದರೂ ತೊಳೆದೆ, ಬಾಚಿದೆ, ಹೊದಿಸಿದೆ. ಹೊರಗೆ ಬಂದರೆ ಜೀಪು ಇರಲಿಲ್ಲ. ಬಿಟ್ಟು ಬಾ ಅಂದಿದ್ದರು, ಅವನು ಬಿಟ್ಟು ಹೋಗಿದ್ದ. ಬಸ್ಸು ಬಂತು, ಸೀಟಿ ಊದಿಕೊಂಡು ಹೋಯಿತು. ಬರಿಗಾಲಲ್ಲಿ ಗುಡ್ಡ ಇಳಿದು ಬಂದೆ. ಮನೆಯ ಬಾಗಿಲಿಗೆ ಬಂದಾಗ ಹೆಜ್ಜೆ ಹೆಜ್ಜೆಗೂ ರಕ್ತದ ಗುರುತಿತ್ತು. ಅತ್ತೆ ಬಿಸಿನೀರು ಕಾಯಿಸಿ ನನ್ನ ಕಾಲು ತೊಳೆದಳು. ಒಂದು ಬೈಗುಳವೂ ಬರಲಿಲ್ಲ ಅವಳ ಬಾಯಿಂದ. ಅದಕ್ಕೇ ನನಗೆ ಭಯವಾಯಿತು.

ಮಾರನೆಯ ದಿನದಿಂದ ಅಮಾನತು. ಆರೋಪದಲ್ಲಿ ಇನ್ನೊಂದು ಸಾಲು ಸೇರಿತ್ತು. ಸರ್ಕಾರಿ ವಾಹನವನ್ನು ಮಲಿನಗೊಳಿಸಿದ್ದು. ಜೀಪನ್ನು ಒಳಗೂ ಹೊರಗೂ ತೊಳೆಸಿದರಂತೆ. ಆದರೂ ದೊಡ್ಡ ಸಾಹೇಬನಿಗೆ ಕೂರಲು ಮನಸ್ಸು ಬರಲಿಲ್ಲ. ಸೀಟನ್ನೇ ಕಿತ್ತು ಹೊಸದು ಹಾಕಿಸಿಕೊಂಡ. ಹಳೆಯದನ್ನು ನಮ್ಮೂರ ಆಸ್ಪತ್ರೆಯ ಹೆಣದ ಕೋಣೆಯ ಹಿಂದೆ ಎಸೆದರು. ಹೊಸ ಸೀಟಿನ ದುಡ್ಡು ನನಗೆ ಬರುವ ಅರ್ಧ ಸಂಬಳದಲ್ಲಿ ಮುರಿದುಕೊಳ್ಳಬೇಕೆಂದು ಆದೇಶವಾಯಿತು.

ದುಡ್ಡು ನನ್ನದಾದರೆ ಸೀಟೂ ನನ್ನದೇ. ಹೋಗಿ ತಲೆಯ ಮೇಲೆ ಹೊತ್ತು ತಂದೆ. ಬಾಗಿಲ ಮುಂದೆ ಹಾಕಿದೆ. ಅತ್ತೆ ಅದರ ಮೇಲೆ ಕೂತು ಬೆನ್ನು ಆನಿಸಿ, "ಅಬ್ಬಬ್ಬಾ, ಇಂಥದ್ರ ಮೇಲೆ ಕೂತ್ರೆ ಯಾವನಿಗೆ ತಾನೇ ಬೇರೆಯೋರ ಕಾಲು ನೆನಪಾಗುತ್ತೆ" ಅಂದಳು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಕಚೇರಿಯ ಜವಾನ ಬಂದ. ಕೋಲು ಹಿಡಿದಿದ್ದನಲ್ಲ, ಅವನೇ. ರಸ್ತೆಯಲ್ಲೇ ನಿಂತ. ನಾನು ಸೀಟಿನ ಮೇಲೆ ಕೂತಿದ್ದೆ, ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕಾಲು ನೀಡಿಕೊಂಡಿದ್ದಳು.

"ಸಾಹೇಬ್ರು ಕರೀತಾರೆ. ಅಮಾನತು ಇದ್ರೂ ಪರವಾಗಿಲ್ಲ ಬಾ ಅಂದ್ರು. ಹೊಳೆಯಾಚೆ ಆಸ್ಪತ್ರೆ."

"ಗಾಡಿ ತಂದಿದೀಯಾ?"

"ಇಲ್ಲ."

"ನನ್ನ ಚಪ್ಪಲಿ?"

"ಅದು ಸಾಕ್ಷ್ಯ. ಕೊಡಲ್ಲವಂತೆ." ಅವನು ನೆಲ ನೋಡುತ್ತಾ ಹೇಳಿದ. "ಸಣ್ಣ ಹುಡುಗಿ ಕಣಕ್ಕ. ಇನ್ನೂ ಶಾಲೆಗೆ ಹೋಗ್ತಿದ್ಲು. ನೀನು ಬರದಿದ್ರೆ ಅಲ್ಲಿ ಗಂಡಸರೇ..."

ನನ್ನ ಕಾಲು ತಾನೇ ಎದ್ದು ನಿಂತಿತು. ಗಾಯ ಇನ್ನೂ ಮಾಗಿರಲಿಲ್ಲ, ಆದರೂ ಎದ್ದಿತು. ಕೋಣೆ ಕಣ್ಣ ಮುಂದೆ ಬಂತು. ಕಲ್ಲಿನ ಮೇಜು. ನೀರಿನ ಕೊಳವೆ. ನಗುವ ಗಂಡಸರು. ಕಿಟಕಿಯಲ್ಲಿ ಅವಳ ಅಣ್ಣನೋ ಅಪ್ಪನೋ. ಇದು ಗೊತ್ತಿದ್ದೇ ಅವರು ನನ್ನನ್ನು ಇಷ್ಟು ವರ್ಷ ನಡೆಸಿದ್ದು. ನಾನು ಹೋಗದೆ ಇರಲಾರೆ ಎಂಬುದೊಂದೇ ಅವರು ನನ್ನನ್ನು ಹತ್ತಿಸಿದ ಬಸ್ಸು.

ನಾನು ಮತ್ತೆ ಕೂತೆ.

"ಗಾಡಿ ತಗೊಂಡು ಬಾ. ಚಪ್ಪಲಿ ತಗೊಂಡು ಬಾ. ಬರ್ತೀನಿ."

ಜವಾನ ಹೋದ. ತಿರುವಿನ ತನಕ ಎರಡು ಸಲ ಹಿಂದಿರುಗಿ ನೋಡಿದ. ಅತ್ತೆ ನನ್ನ ಮುಖ ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದಳು. ಹಾಗೇ ಕೇಳಿದಳು.

"ಆ ಮಗೂ ಗತಿ ಏನೇ?"

"ಆ ಮಗು ನನ್ನೊಬ್ಬಳದೇನತ್ತೆ?" ಅಂದೆ.

ಸಂಜೆಯ ತನಕ ರಸ್ತೆ ನೋಡುತ್ತಾ ಕೂತಿದ್ದೆವು. ಜೀಪು ಬರಲಿಲ್ಲ.